ಗೊಂಬೆ ನೋಡಿ ಹೊರಡಬೇಡಿ, ಗಂಟೆ ಕೇಳಿ

ಎಲ್ಲರಿಗೂ ನಮಸ್ಕಾರ.

ಜರ್ಮನಿಯ ಮ್ಯೂನಿಕ್ ಊರಿನ ನಟ್ಟನಡುವೆ ಮರಿಯೆನ್‌ಪ್ಲಾಟ್ಸ್ ಎಂಬ ಚೌಕವಿದೆ. ಬೆಳಿಗ್ಗೆ ಹತ್ತೂ ಮುಕ್ಕಾಲಿಗೆ ಅಲ್ಲಿ ಹೋಗಿ ನಿಂತರೆ ಒಂದು ಸೋಜಿಗ ಕಾಣುತ್ತದೆ. ಅಷ್ಟು ಹೊತ್ತು ತಮ್ಮ ಪಾಡಿಗೆ ಓಡಾಡುತ್ತಿದ್ದ ಜನ ಒಬ್ಬೊಬ್ಬರೇ ನಿಲ್ಲುತ್ತಾರೆ. ಹತ್ತಾರು ಜನ ನೂರಾರು ಆಗುತ್ತಾರೆ. ಎಲ್ಲರ ಮುಖವೂ ಒಂದೇ ಕಡೆಗೆ, ಮೇಲಕ್ಕೆ. ಚಿಕ್ಕ ಮಕ್ಕಳು ಅಪ್ಪಂದಿರ ಹೆಗಲ ಮೇಲೆ. ಹನ್ನೊಂದು ಹೊಡೆಯುತ್ತದೆ. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಹೊಸಬರು ಗಡಿಯಾರ ನೋಡಿಕೊಳ್ಳುತ್ತಾರೆ. ಆಮೇಲೆ ಗೋಪುರದ ಮೇಲಿಂದ ಗಂಟೆಗಳು ಹಾಡಲು ಶುರು ಮಾಡುತ್ತವೆ, ಅಲ್ಲಿನ ಗೊಂಬೆಗಳೂ ಕುಣಿಯುತ್ತವೆ.

ಆ ಗಂಟೆಗಳ ಬಗ್ಗೆಯೇ ಇವತ್ತು ನನ್ನ ಮಾತು.

ಮೊದಲ ಸಲ ಅಲ್ಲಿಗೆ ಹೋದಾಗ ನಾನು ಫೋನ್ ಎತ್ತಿ ಹಿಡಿದು ಎಲ್ಲವನ್ನೂ ವಿಡಿಯೊ ಮಾಡಿಕೊಂಡೆ. ರಾತ್ರಿ ರೂಮಿಗೆ ಬಂದು ಹಾಕಿ ನೋಡಿದೆ. ಗೊಂಬೆಗಳು ಚೆನ್ನಾಗಿಯೇ ಬಂದಿದ್ದವು. ಆದರೆ ಗಂಟೆಗಳು ಯಾವ ರಾಗ ಬಾರಿಸಿದವು ಅಂತ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಹತ್ತು ನಿಮಿಷಕ್ಕೂ ಜಾಸ್ತಿ ಅಲ್ಲೇ ನಿಂತಿದ್ದೆ, ಏನನ್ನೂ ಕೇಳಿಸಿಕೊಂಡಿರಲಿಲ್ಲ. ಮರುದಿನ ಮತ್ತೆ ಹೋದೆ. ಫೋನ್ ಜೇಬಿನಲ್ಲೇ ಇತ್ತು. ಪಕ್ಕದಲ್ಲಿ ಒಬ್ಬ ಅಜ್ಜಿ ತರಕಾರಿ ಚೀಲ ಹಿಡಿದು ನಿಂತಿದ್ದರು, ಪಕ್ಕದ ಮಾರುಕಟ್ಟೆಯಿಂದ ಬಂದವರಿರಬೇಕು. ಅವರು ಮೇಲೆ ನೋಡುತ್ತಲೇ ಇರಲಿಲ್ಲ. ಕಣ್ಣು ಮುಚ್ಚಿಕೊಂಡು, ತುಟಿಯಲ್ಲೇ ರಾಗ ಗುನುಗುತ್ತಿದ್ದರು. ಅವತ್ತಿನಿಂದ ನಾನೂ ಹಾಗೆಯೇ ಕೇಳುತ್ತೇನೆ.

ಗೋಪುರ ಇರುವುದು ಅಲ್ಲಿನ ರಾಟ್‌ಹೌಸ್ ಮೇಲೆ. ನಮ್ಮಲ್ಲಿ ಟೌನ್‌ಹಾಲ್ ಅಂದರೆ ಸಭೆ, ನಾಟಕ ನಡೆಯುವ ಜಾಗ, ಅಲ್ವಾ? ಅಲ್ಲಿ ರಾಟ್‌ಹೌಸ್ ಅಂದರೆ ಊರಿನ ಆಡಳಿತ ನಡೆಯುವ ಮನೆ. ಮೇಯರ್ ಕೂರುವ ಜಾಗ, ನಗರಸಭೆ ಸೇರುವ ಜಾಗ. ಮರಿಯೆನ್‌ಪ್ಲಾಟ್ಸ್‌ನಲ್ಲಿ ಇಂಥವು ಎರಡಿವೆ, ಹಳೆಯದು ಮತ್ತು ಹೊಸದು. ಈ ಗಂಟೆಗಳಿರುವುದು ಹೊಸದರ ಗೋಪುರದಲ್ಲಿ. ಹೊಸದು ಅಂದರೂ ಅದರ ಕೆಲಸ ಶುರುವಾಗಿದ್ದು 1867ರಲ್ಲಿ. ಮುಗಿಯುವಾಗ 20ನೇ ಶತಮಾನ ಬಂದಿತ್ತು. ಕಟ್ಟಿಸಿದ ಶಿಲ್ಪಿ ಗೆಯೊರ್ಗ್ ಫಾನ್ ಹೌಬರ್‌ರಿಸರ್. ಕೆಲಸ ಹಿಡಿದಾಗ ಇನ್ನೂ 30 ತುಂಬದ ಹುಡುಗ, ಮುಗಿಸಿದಾಗ 60 ದಾಟಿದ್ದ. ನೋಡಿದವರು ಇದು ಐನೂರು ವರ್ಷ ಹಳೆಯ ಕಟ್ಟಡ ಅಂದುಕೊಳ್ಳುತ್ತಾರೆ. ಚೂಪು ಕಮಾನು, ಕಲ್ಲಿನ ಕುಸುರಿ, ಮೂಲೆಮೂಲೆಗೆ ಮೂರ್ತಿಗಳು. ಹಳೆಯ ಗೋಥಿಕ್ ಶೈಲಿಯನ್ನು ಬೇಕೆಂದೇ ಮತ್ತೆ ತಂದು ಕಟ್ಟಿದ್ದು ಅದು.

ಗೋಪುರದ ಎತ್ತರ 85 ಮೀಟರ್. ತುದಿಯಲ್ಲಿ ಸನ್ಯಾಸಿಯ ಉಡುಪು ತೊಟ್ಟ ಒಂದು ಮಗುವಿದೆ. ಮ್ಯೂನ್‌ಶ್ನರ್ ಕಿಂಡ್ಲ್ ಅಂತ ಅದರ ಹೆಸರು, ಅಂದರೆ ಮ್ಯೂನಿಕ್‌ನ ಪುಟ್ಟ ಮಗು. ಸನ್ಯಾಸಿಗಳಿದ್ದ ಊರು ಅನ್ನುವುದರಿಂದಲೇ ಮ್ಯೂನಿಕ್‌ಗೆ ಆ ಹೆಸರು ಬಂದದ್ದು. ಊರಿನ ಲಾಂಛನದಲ್ಲೂ ಇದೇ ಮಗು ಇದೆ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತದೆ.

ಗಂಟೆಗಳು ಗೋಪುರಕ್ಕೆ ಬಂದದ್ದು 1908ರಲ್ಲಿ. ಊರಿಗೆ 750 ವರ್ಷ ತುಂಬಿದ ವರ್ಷ ಅದು. ಖರ್ಚಿಗೆ ದಾನ ಕೊಟ್ಟವನು ಕಾರ್ಲ್ ರೋಸಿಪಾಲ್ ಎಂಬ ಊರಿನ ವ್ಯಾಪಾರಿ. ಒಟ್ಟು 43 ಗಂಟೆಗಳು. ಅತಿ ದೊಡ್ಡದು 1300 ಕೆಜಿ ತೂಗುತ್ತದೆ, ಅತಿ ಚಿಕ್ಕದು ಬರೀ 10 ಕೆಜಿ. 1300 ಕೆಜಿ ಅಂದರೆ ಒಂದು ಕಾರಿನಷ್ಟು ಭಾರ. 10 ಕೆಜಿ ಅಂದರೆ ಒಂದು ಸಣ್ಣ ಅಕ್ಕಿ ಮೂಟೆ. ಎರಡರ ನಡುವೆ ಇಷ್ಟು ಅಂತರ ಯಾಕೆ? ಗಂಟೆಯ ಲೆಕ್ಕವೇ ಹಾಗೆ. ಒಂದು ಗಂಟೆಯ ಅಳತೆಗಳನ್ನೆಲ್ಲ ಸರಿಯಾಗಿ ಅರ್ಧ ಮಾಡಿದರೆ ಅದರ ಸ್ವರ ಒಂದು ಸ್ಥಾಯಿ ಮೇಲಕ್ಕೆ, ಅಂದರೆ ‘ಸ’ದಿಂದ ಮೇಲಿನ ‘ಸ’ಕ್ಕೆ ಹೋಗುತ್ತದೆ. ಆದರೆ ತೂಕ ಎಂಟನೇ ಒಂದು ಭಾಗಕ್ಕೆ ಇಳಿದುಬಿಡುತ್ತದೆ. ಹಾಗಾಗಿ ಮೂರು ಸ್ಥಾಯಿ ದಾಟುವುದರೊಳಗೆ ಕಾರು ಅಕ್ಕಿ ಮೂಟೆಯಾಗುತ್ತದೆ, ಇನ್ನೂ ಮೇಲೆ ಹೋದರೆ ಕೈಯಲ್ಲಿ ಹಿಡಿಯುವಷ್ಟಾಗುತ್ತದೆ.

ಈಗ ಒಂದು ಗಂಟೆಯ ಹತ್ತಿರ ಹೋಗೋಣ. ಇದು ನನಗೆ ತುಂಬಾ ಇಷ್ಟವಾದ ಭಾಗ, ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ.

ಗಂಟೆಯ ಲೋಹ ಕಂಚು. ತಾಮ್ರ ಐದರಲ್ಲಿ ನಾಲ್ಕು ಪಾಲು, ತವರ ಒಂದು ಪಾಲು, ಹೆಚ್ಚುಕಡಿಮೆ ಅಷ್ಟು. ತವರ ಕಡಿಮೆಯಾದರೆ ಗಂಟೆ ಮಂಕಾಗಿ ಕೇಳುತ್ತದೆ. ಜಾಸ್ತಿಯಾದರೆ ಪೆಡಸಾಗಿ ಸೀಳುತ್ತದೆ. ಮಣ್ಣಿನ ಅಚ್ಚು ಮಾಡಿ, ಕರಗಿದ ಕಂಚನ್ನು ಹೊಯ್ದು, ಆರಲು ಬಿಟ್ಟು, ಅಚ್ಚು ಒಡೆದು ತೆಗೆಯುತ್ತಾರೆ. ಇದು ನಮ್ಮ ಕಂಚುಗಾರರಿಗೂ ಗೊತ್ತಿರುವ ಕೆಲಸವೇ.

ಕಷ್ಟ ಇರುವುದು ಮುಂದೆ. ದೇವಸ್ಥಾನದ ಗಂಟೆಗೆ ಶ್ರುತಿಯ ಹಂಗಿಲ್ಲ. ಅದು ಒಂಟಿ. ನಾದ ದೊಡ್ಡದಾಗಿ, ಉದ್ದವಾಗಿ ಬಂದರೆ ಸಾಕು. ಆದರೆ 43 ಗಂಟೆಗಳು ಸೇರಿ ಒಂದು ರಾಗ ಬಾರಿಸಬೇಕು ಅಂದರೆ ಪ್ರತಿಯೊಂದೂ ತನ್ನ ಸ್ವರದಲ್ಲೇ ನಿಲ್ಲಬೇಕು. ಜಲತರಂಗ ಕೇಳಿದ್ದೀರಿ ತಾನೇ? ಒಂದೊಂದು ಬಟ್ಟಲಿಗೆ ಒಂದೊಂದು ಸ್ವರ. ಶ್ರುತಿ ಸ್ವಲ್ಪ ಹೆಚ್ಚಾದರೆ ಇನ್ನೊಂದು ಚಮಚ ನೀರು ಹಾಕಿ ಇಳಿಸುತ್ತಾರೆ, ಕಡಿಮೆಯಾದರೆ ನೀರು ತೆಗೆಯುತ್ತಾರೆ. ಗಂಟೆಗೆ ಆ ಅನುಕೂಲ ಇಲ್ಲ. ಎರಕ ಆದಮೇಲೆ ಇರುವುದು ಒಂದೇ ದಾರಿ. ಗಂಟೆಯನ್ನು ಮಗುಚಿ ಚರಕಿಗೆ ಹಾಕಿ, ಒಳಮೈಯನ್ನು ಎಳೆ ಎಳೆಯಾಗಿ ಕೆರೆಯುವುದು. ಕೆರೆದಷ್ಟೂ ಸ್ವರ ಇಳಿಯುತ್ತದೆ. ಹೆಚ್ಚು ಕೆರೆದರೆ ಮತ್ತೆ ಅಂಟಿಸುವಂತಿಲ್ಲ. ಕರಗಿಸಿ ಮೊದಲಿನಿಂದ ಶುರು ಮಾಡಬೇಕು.

ಸರಿ, ಯಾವ ಸ್ವರಕ್ಕೆ ಕೆರೆಯುವುದು? ಇಲ್ಲೇ ಇರುವುದು ಗಂಟೆಯ ಗುಟ್ಟು. ಒಂದು ಗಂಟೆಯನ್ನು ಒಮ್ಮೆ ಹೊಡೆದರೆ ಬರುವುದು ಒಂದೇ ಸ್ವರ ಅಲ್ಲ. ಅದರಲ್ಲಿ ಎದ್ದು ಕೇಳುವ ಸ್ವರಗಳೇ ಐದು. ಆ ಗಂಟೆಯ ಸ್ವರವನ್ನು ಷಡ್ಜ, ಅಂದರೆ ‘ಸ’ ಅಂತ ಇಟ್ಟುಕೊಳ್ಳಿ. ತಳದಲ್ಲಿ ಮಂದ್ರ ಷಡ್ಜ ಗುಂಯ್ ಅನ್ನುತ್ತಿರುತ್ತದೆ. ಉಳಿದೆಲ್ಲ ಆರಿಹೋದ ಮೇಲೂ ಕಿವಿಯಲ್ಲಿ ನಿಲ್ಲುವುದು ಅದೇ. ಅದರ ಮೇಲೆ ಮಧ್ಯ ಷಡ್ಜ. ಆಮೇಲೆ ಪಂಚಮ. ಅದಕ್ಕೂ ಮೇಲೆ ತಾರ ಷಡ್ಜ. ಇವು ನಾಲ್ಕೂ ನಮಗೆ ಹೊಸದೇನಲ್ಲ, ತಂಬೂರಿ ಕೇಳಿದ ಯಾವ ಕಿವಿಗೂ ಇವು ಮನೆಯವರಿದ್ದ ಹಾಗೆ. ಐದನೆಯದು ಗಾಂಧಾರ. ತಂಬೂರಿಯಲ್ಲೂ ಗಾಂಧಾರ ಕೇಳುತ್ತದೆ, ನಿಜ. ಮಂದ್ರದ ತಂತಿ ಮೀಟಿ ಸುಮ್ನೆ ಕೂತರೆ ತಾನಾಗಿಯೇ ತೇಲಿ ಬರುತ್ತದೆ. ಆದರೆ ಅದು ಅಂತರ ಗಾಂಧಾರ. ಗಂಟೆಯಲ್ಲಿ ಬರುವುದು ಸಾಧಾರಣ ಗಾಂಧಾರ, ಅದಕ್ಕಿಂತ ಅರ್ಧ ಸ್ವರ ಕೆಳಗಿನದು.

ಎರಡಕ್ಕೂ ಎಷ್ಟು ವ್ಯತ್ಯಾಸ ಅಂತ ಇಲ್ಲಿರುವ ಹಾಡುಗಾರರಿಗೆ ನಾನು ಹೇಳಬೇಕಾಗಿಲ್ಲ. ಶಂಕರಾಭರಣದ ಗಾಂಧಾರ ಒಂದು, ಖರಹರಪ್ರಿಯದ ಗಾಂಧಾರ ಇನ್ನೊಂದು. ಪಶ್ಚಿಮದವರ ಸಂತೋಷದ ರಾಗಗಳಲ್ಲಿ ಬಹಳಷ್ಟು ನಮ್ಮ ಶಂಕರಾಭರಣದ ಸ್ವರಗಳಲ್ಲೇ ಇರುತ್ತವೆ. ಅಂಥ ಒಂದು ರಾಗವನ್ನು ಗಂಟೆಗಳ ಮೇಲೆ ಬಾರಿಸಿ. ಪ್ರತಿ ಸ್ವರದ ಒಳಗೂ ಒಂದು ಸಾಧಾರಣ ಗಾಂಧಾರ ಕೂತಿರುತ್ತದೆ. ಮೇಲೆ ಕುಣಿಯುವ ರಾಗ, ಒಳಗೆ ಒಂದು ಕರುಣೆಯ ಎಳೆ. ಗಂಟೆಗಳ ಹಾಡು ಕೇಳಿದಾಗ ಮದುವೆಮನೆಯ ಸಡಗರದ ನಡುವೆಯೂ ಗಂಟಲು ಕಟ್ಟಿದ ಹಾಗಾಗುತ್ತದಲ್ಲ, ಅದು ನಮ್ಮ ಭಾವುಕತೆ ಮಾತ್ರ ಅಲ್ಲ. ಅದು ಆ ಕಂಚಿನ ಆಕಾರದಲ್ಲೇ ಇದೆ.

ಈ ಐದೂ ಸ್ವರಗಳನ್ನು ಒಂದಕ್ಕೊಂದು ಹೊಂದಿಸುವ ವಿದ್ಯೆಯನ್ನು ಮೊದಲು ಕೈವಶ ಮಾಡಿಕೊಂಡವರು ನೆದರ್‌ಲ್ಯಾಂಡ್ಸ್‌ನಲ್ಲಿ ಕೆಲಸ ಮಾಡುತ್ತಿದ್ದ ಹೆಮೊನಿ ಸಹೋದರರು, ಫ್ರಾಂಸ್ವಾ ಮತ್ತು ಪೀಟರ್. ಅವರಿಗೆ ದಾರಿ ತೋರಿಸಿದವನು ಉಟ್ರೆಕ್ಟ್ ಊರಿನ ಯಾಕೊಬ್ ಫಾನ್ ಐಕ್. ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ಗಂಟೆಯೊಳಗಿನ ಐದು ಸ್ವರಗಳನ್ನು ಅವನು ಕಿವಿಯಿಂದಲೇ ಬಿಡಿಸಿ ಹೇಳುತ್ತಿದ್ದ. 1644ರಲ್ಲಿ ಜುಟ್‌ಫೆನ್ ಊರಿಗೆ ಅವರು ಮಾಡಿಕೊಟ್ಟ ಗಂಟೆಗಳೇ ಸರಿಯಾಗಿ ಶ್ರುತಿಗೂಡಿದ ಮೊದಲ ಗಂಟೆವಾದ್ಯ ಅನ್ನುತ್ತಾರೆ. ಅಣ್ಣತಮ್ಮಂದಿರು ತೀರಿಕೊಂಡ ಮೇಲೆ ವಿದ್ಯೆ ಕೈತಪ್ಪಿತು. ಇನ್ನೂರು ವರ್ಷ ಯಾರಿಗೂ ಅಷ್ಟು ಚೆನ್ನಾಗಿ ಹೊಂದಲಿಲ್ಲ. 1890ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಮತ್ತೆ ಸಿಕ್ಕಿತು. ಅಂದರೆ ಮ್ಯೂನಿಕ್‌ನ ಗಂಟೆಗಳು ಎರಕವಾದದ್ದು ಆ ವಿದ್ಯೆ ಈಗಷ್ಟೇ ಮರಳಿ ಬರುತ್ತಿದ್ದ ಕಾಲದಲ್ಲಿ. ಕಿವಿ ಚುರುಕಾಗಿದ್ದರೆ ಅಲ್ಲಲ್ಲಿ ಶ್ರುತಿ ಒಂಚೂರು ಜಾರಿದ ಹಾಗೆ ನಿಮಗೆ ಕೇಳಬಹುದು, ನನಗೆ ಕೇಳುತ್ತದೆ. ನನಗದು ಕೊರತೆ ಅನಿಸಿಲ್ಲ. ವಯಸ್ಸಾದವರು ಹಾಡಿದರೆ ಹೇಗೋ ಹಾಗೆ.

ಇಂಥ ಗಂಟೆವಾದ್ಯಗಳನ್ನು ಬಾರಿಸುವುದರಲ್ಲಿ ಎರಡು ಬಗೆ. ಒಂದು, ಮನುಷ್ಯ ಕೂತು ಬಾರಿಸುವುದು. ಅದಕ್ಕೆ ಕ್ಯಾರಿಲಾನ್ ಅನ್ನುತ್ತಾರೆ, ಕನಿಷ್ಠ 23 ಗಂಟೆ ಇರಬೇಕು ಅಂತ ಲೆಕ್ಕ. ಗಂಟೆಗಳ ಕೆಳಗಿನ ಸಣ್ಣ ಕೋಣೆಯಲ್ಲಿ ಮರದ ಹಿಡಿಗಳ ಸಾಲು ಇರುತ್ತದೆ. ವಾದಕರು ಮುಷ್ಟಿ ಕಟ್ಟಿ ಅವನ್ನು ಒತ್ತುತ್ತಾರೆ, ದೊಡ್ಡ ಗಂಟೆಗಳಿಗೆ ಕಾಲು. ಹಿಡಿಯಿಂದ ತಂತಿ, ತಂತಿಯಿಂದ ಗಂಟೆಯ ನಾಲಿಗೆ. ಗಂಟೆ ಅಲುಗುವುದಿಲ್ಲ, ನಾಲಿಗೆ ಬಂದು ಬಡಿಯುತ್ತದೆ. ಮೆಲ್ಲಗೆ ಒತ್ತಿದರೆ ಮೆಲು ದನಿ, ಗುದ್ದಿದರೆ ಊರಿಗೆಲ್ಲ ಕೇಳುವ ದನಿ. ಜರ್ಮನಿಯ ಹಾಲೆ ಊರಿನ ಕೆಂಪು ಗೋಪುರದಲ್ಲಿ ಇಂಥದ್ದಕ್ಕೆ 76 ಗಂಟೆಗಳಿವೆ. ಬರ್ಲಿನ್‌ನಲ್ಲಿ 68 ಗಂಟೆಗಳದ್ದು ಇದೆ. ಇದನ್ನು ಕಲಿಸಲೆಂದೇ ಬೆಲ್ಜಿಯಂನ ಮೆಖೆಲೆನ್‌ನಲ್ಲಿ 1922ರಿಂದ ಒಂದು ಶಾಲೆ ನಡೆಯುತ್ತಿದೆ. ಬಾರಿಸುವವರ ಮುಖ ಕೇಳುಗರಿಗೆ ಕಾಣುವುದೇ ಇಲ್ಲ. ಸಾವಿರ ಜನ ಕೇಳುತ್ತಾರೆ, ಚಪ್ಪಾಳೆ ಮೇಲಕ್ಕೆ ತಲುಪುವುದಿಲ್ಲ.

ಇನ್ನೊಂದು ಬಗೆ ಯಂತ್ರದ್ದು. ಮಕ್ಕಳ ಮ್ಯೂಸಿಕ್ ಬಾಕ್ಸ್ ಬಿಚ್ಚಿ ನೋಡಿದ್ದರೆ ಗೊತ್ತಿರುತ್ತದೆ. ಒಂದು ಉರುಳೆ, ಅದರ ಮೇಲೆ ಮುಳ್ಳುಗಳು. ಉರುಳೆ ತಿರುಗಿದಂತೆ ಮುಳ್ಳು ಬಂದು ಸನ್ನೆಯನ್ನು ಎತ್ತುತ್ತದೆ. ಅದನ್ನೇ ಗೋಪುರದ ಅಳತೆಗೆ ಹಿಗ್ಗಿಸಿ. ಸನ್ನೆಯ ಆ ತುದಿಯಲ್ಲಿ ಸುತ್ತಿಗೆ, ಸುತ್ತಿಗೆಯ ಮುಂದೆ ಗಂಟೆ. ಮ್ಯೂನಿಕ್‌ನದು ಈ ಯಂತ್ರದ ಬಗೆ. ಜರ್ಮನರು ಗ್ಲೊಕೆನ್‌ಶ್ಪೀಲ್ ಅನ್ನುತ್ತಾರೆ, ಅಂದರೆ ಗಂಟೆಯಾಟ.

ಇದೇ ಕಂಚಿನಿಂದ ಫಿರಂಗಿಯನ್ನೂ ಮಾಡುತ್ತಿದ್ದರು. ಹಾಗಾಗಿ ಯುರೋಪಿನಲ್ಲಿ ಯುದ್ಧ ಬಂದಾಗಲೆಲ್ಲ ಗಂಟೆಗಳಿಗೆ ಮೊದಲು ಭಯ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಸರ್ಕಾರ ತನ್ನ ಚರ್ಚುಗಳಿಂದಲೂ, ಗೆದ್ದ ದೇಶಗಳಿಂದಲೂ ಒಂದು ಲಕ್ಷಕ್ಕೂ ಹೆಚ್ಚು ಗಂಟೆಗಳನ್ನು ಇಳಿಸಿ ತಂದಿತು. ಹ್ಯಾಂಬರ್ಗ್ ಬಂದರಿನಲ್ಲಿ ಅವುಗಳನ್ನು ಸಾಲಾಗಿ, ಒಂದರ ಮೇಲೊಂದು ಪೇರಿಸಿಟ್ಟಿದ್ದ ಫೋಟೊಗಳಿವೆ. ಗಂಟೆಗಳ ಸ್ಮಶಾನ ಅಂತಲೇ ಆ ಜಾಗಕ್ಕೆ ಹೆಸರು ಬಿತ್ತು. ಹೆಚ್ಚಿನವು ಕರಗಿಹೋದವು. ಕೆಲವು ನೂರಾರು ವರ್ಷ ಹಳೆಯವು. ಆ ಫೋಟೊ ಒಮ್ಮೆ ನೋಡಿದ ಮೇಲೆ ಯಾವ ಗೋಪುರದ ಕೆಳಗೆ ನಿಂತರೂ, ಇಲ್ಲಿ ಗಂಟೆ ಇನ್ನೂ ಇದೆಯಲ್ಲ ಅಂತ ಒಂದು ಕ್ಷಣ ಸಮಾಧಾನವಾಗುತ್ತದೆ. ಮ್ಯೂನಿಕ್ ಮೇಲೂ ಬಾಂಬುಗಳು ಸುರಿದವು. ಅದೇ ಚೌಕದ ಹಳೆಯ ರಾಟ್‌ಹೌಸ್‌ನ ಗೋಪುರ 1944ರಲ್ಲಿ ನಾಶವಾಯಿತು. ಈಗ ಕಾಣುವುದು 1970ರ ದಶಕದಲ್ಲಿ ಮತ್ತೆ ಕಟ್ಟಿದ್ದು. ಹೊಸ ರಾಟ್‌ಹೌಸ್‌ನ ಗೋಪುರ ಉಳಿಯಿತು.

ಈಗ ಗೊಂಬೆಗಳ ಕಡೆ ಬರೋಣ. ಗೊಂಬೆ ನೋಡಬೇಡಿ ಅಂತ ನಾನು ಹೇಳುತ್ತಿಲ್ಲ. ಅವು ಯಾರು ಅಂತ ತಿಳಿದುಕೊಂಡು ನೋಡಿದರೆ ಗಂಟೆಯೂ ಬೇರೆ ಥರ ಕೇಳುತ್ತದೆ.

ಒಟ್ಟು 32 ಗೊಂಬೆಗಳು, ಎರಡು ಅಂತಸ್ತಿನಲ್ಲಿ. ಮೇಲಿನ ಅಂತಸ್ತು ಒಂದು ಮದುವೆ. 1568ರ ಫೆಬ್ರವರಿಯಲ್ಲಿ, ಮ್ಯೂನಿಕ್ ಇರುವ ಬವೇರಿಯಾ ಸೀಮೆಯ ವಿಲ್‌ಹೆಲ್ಮ್ ಲೊರೇನ್ ಸೀಮೆಯ ರೆನಾಟಾಳನ್ನು ಇದೇ ಊರಿನಲ್ಲಿ ಮದುವೆಯಾದ. ಆಗ ಅವನು ಇನ್ನೂ ಯುವರಾಜ. ತಂದೆ ಆಲ್‌ಬ್ರೆಕ್ಟ್ ಆಳುತ್ತಿದ್ದ. ಮದುವೆಯ ಸಂಭ್ರಮ ಎರಡು ವಾರಕ್ಕೂ ಜಾಸ್ತಿ ನಡೆಯಿತು. ಆಸ್ಥಾನದ ಸಂಗೀತ ನಡೆಸುತ್ತಿದ್ದವನು ಒರ್ಲಾಂಡೊ ಡಿ ಲಾಸ್ಸೊ. ಆ ಕಾಲದ ಯುರೋಪಿನಲ್ಲಿ ಅವನಷ್ಟು ಹೆಸರಾದ ಸಂಗೀತಗಾರರು ಕಡಿಮೆ. ಆ ಸಂಭ್ರಮದಲ್ಲಿ ಅವನು ಸಂಗೀತ ಮಾಡಿದ್ದಷ್ಟೇ ಅಲ್ಲ, ಒಂದು ಹಾಸ್ಯನಾಟಕದಲ್ಲಿ ವೆನಿಸ್‌ನ ಮುದುಕ ವ್ಯಾಪಾರಿಯ ವೇಷವನ್ನೂ ಹಾಕಿದ. ಇದೆಲ್ಲ ನಮಗೆ ಗೊತ್ತಿರುವುದು ಮಾಸ್ಸಿಮೊ ತ್ರೊಯಾನೊ ಎಂಬ ಆಸ್ಥಾನದ ಗಾಯಕ ಕಂಡದ್ದನ್ನೆಲ್ಲ ಬರೆದಿಟ್ಟಿದ್ದರಿಂದ.

ಮದುವೆಯ ಒಂದು ದಿನ ಇದೇ ಚೌಕದಲ್ಲಿ ಕುದುರೆ ಸವಾರರ ಭರ್ಜಿ ಕಾಳಗ ಏರ್ಪಾಡಾಗಿತ್ತು. ಗೋಪುರದ ಮೇಲಿನ ಗೊಂಬೆಗಳು ಅದನ್ನೇ ಆಡಿ ತೋರಿಸುತ್ತವೆ. ನಡುವೆ ಗಂಡುಹೆಣ್ಣು ಕೂತಿದ್ದಾರೆ. ಕಹಳೆಯವರು, ಬಾವುಟದವರು, ವಿದೂಷಕರು ಮುಂದೆ ಹಾದುಹೋಗುತ್ತಾರೆ. ಆಮೇಲೆ ಇಬ್ಬರು ಸವಾರರು ಎದುರುಬದುರಾಗಿ ಬರುತ್ತಾರೆ. ಬಿಳಿ ನೀಲಿ ಬಟ್ಟೆಯವನು ಬವೇರಿಯಾದವನು, ಕೆಂಪು ಬಿಳಿ ಬಟ್ಟೆಯವನು ಲೊರೇನ್‌ನವನು. ಮೊದಲ ಸುತ್ತಿನಲ್ಲಿ ಏನೂ ಆಗುವುದಿಲ್ಲ. ಎರಡನೇ ಸುತ್ತಿನಲ್ಲಿ ಲೊರೇನ್‌ನವನು ಭರ್ಜಿ ತಾಗಿ ಹಿಂದಕ್ಕೆ ವಾಲಿಬಿಡುತ್ತಾನೆ. ಆ ಕ್ಷಣಕ್ಕೆ ಚೌಕದ ಜನರೆಲ್ಲ ಹೋ ಅನ್ನುತ್ತಾರೆ. ಗೆಲ್ಲುವವನು ಯಾರು ಅಂತ ಎಲ್ಲರಿಗೂ ಮೊದಲೇ ಗೊತ್ತು. 1908ರಿಂದ ಗೆದ್ದವನು ಅವನೊಬ್ಬನೇ. ಆದರೂ ಹೋ ಅನ್ನುತ್ತಾರೆ. ಬಯಲಾಟದಲ್ಲಿ ರಾಕ್ಷಸ ಸಾಯುವುದು ಗೊತ್ತಿದ್ದೂ ಕಾಯುತ್ತೇವಲ್ಲ, ಆ ಥರದ ಖುಷಿ ಅದು.

ಈ ವಿಲ್‌ಹೆಲ್ಮ್ ಮುಂದೆ ಆಡಳಿತಕ್ಕೆ ಬಂದು, 1589ರಲ್ಲಿ ಹೋಫ್‌ಬ್ರೌಹೌಸ್ ಶುರು ಮಾಡಿಸಿದ. ಮ್ಯೂನಿಕ್‌ಗೆ ಹೋದವರೆಲ್ಲ ಫೋಟೊ ತೆಗೆಸಿಕೊಳ್ಳುವ ಬಿಯರ್ ಮನೆಯ ಮೂಲ ಅದು. ಸೇಂಟ್ ಮೈಕೆಲ್ ಚರ್ಚ್ ಕಟ್ಟಿಸಿದವನೂ ಅವನೇ. ವಿಲ್‌ಹೆಲ್ಮ್, ರೆನಾಟಾ ಇಬ್ಬರ ಸಮಾಧಿಯೂ ಅದೇ ಚರ್ಚಿನ ನೆಲಮಾಳಿಗೆಯಲ್ಲಿದೆ. ಗೋಪುರದಿಂದ ಅಲ್ಲಿಗೆ ಕೆಲವೇ ನಿಮಿಷದ ನಡಿಗೆ. ಗೊಂಬೆಯಾಟ ಮುಗಿದ ಮೇಲೆ ಒಮ್ಮೆ ಹೋಗಿ ಬನ್ನಿ. ಮೇಲೆ ಬಣ್ಣದ ಬಟ್ಟೆಯಲ್ಲಿ ಕೂತಿದ್ದ ಗಂಡುಹೆಣ್ಣು ಇಲ್ಲಿ ಕಲ್ಲಿನ ಕೆಳಗಿದ್ದಾರೆ.

ಕೆಳಗಿನ ಅಂತಸ್ತು ನನಗೆ ಇನ್ನೂ ಹತ್ತಿರ. ಅಲ್ಲಿ ರಾಜರಿಲ್ಲ, ಕೈಕೆಲಸದವರಿದ್ದಾರೆ. ಮರದ ಪೀಪಾಯಿ ಮಾಡುವವರು. ಬವೇರಿಯಾದಲ್ಲಿ ಅವರಿಗೆ ಶೆಫ್ಲರ್ ಅನ್ನುತ್ತಾರೆ. ಬಿಯರ್ ಊರಿನಲ್ಲಿ ಪೀಪಾಯಿ ಮಾಡುವವರಿಗೆ ಎಷ್ಟು ಬೆಲೆ ಇದ್ದಿರಬೇಕು ಯೋಚಿಸಿ. ಕಥೆ ಹೀಗಿದೆ. 1517ರಲ್ಲಿ ಊರಿಗೆ ಪ್ಲೇಗ್ ಬಂತು. ಜನ ಬಾಗಿಲು ಹಾಕಿಕೊಂಡು ಒಳಗೆ ಕೂತರು. ರೋಗ ಹೋದಮೇಲೂ ಯಾರಿಗೂ ಹೊರಗೆ ಬರಲು ಧೈರ್ಯ ಇಲ್ಲ. ಬೀದಿ ಬಿಕೋ ಅನ್ನುತ್ತಿತ್ತು. ಆಗ ಈ ಪೀಪಾಯಿಯವರು ವಾದ್ಯದ ಜೊತೆ ಬೀದಿಗಿಳಿದು ಕುಣಿದರು. ಏನದು ಸದ್ದು ಅಂತ ಮೊದಲು ಕಿಟಕಿಗಳು ತೆರೆದವು, ಆಮೇಲೆ ಬಾಗಿಲುಗಳು.

ಇತಿಹಾಸ ಬಲ್ಲವರು ಈ ಕಥೆಯನ್ನು ಹಾಗೇ ಒಪ್ಪುವುದಿಲ್ಲ. ಕುಣಿತದ ಬಗ್ಗೆ ಗಟ್ಟಿ ದಾಖಲೆ ಸಿಗುವುದು 1702ರಿಂದ ಮಾತ್ರ. ಅವರ ಮಾತು ಸರಿಯೇ ಇರಬೇಕು. ಆದರೆ ಕೋವಿಡ್ ಕಾಲದಲ್ಲಿ ಬಾಗಿಲು ಹಾಕಿ ಕೂತಿದ್ದ ನಮಗೆ, ಮೊದಲ ಸಲ ಹೊರಗೆ ಬರುವಾಗ ಹೊಸಿಲು ದಾಟಲು ಕಾಲು ಅನುಮಾನಿಸಿದ್ದು ನೆನಪಿರುವ ನಮಗೆ, ಈ ಕಥೆಯಲ್ಲಿ ಒಂದು ನಿಜ ಇದೆ ಅಂತ ಅನಿಸದೇ ಇರುವುದಿಲ್ಲ. ರೋಗ ಹೋಗುವುದು ಬೇರೆ, ಭಯ ಹೋಗುವುದು ಬೇರೆ. ಆ ಎರಡನೆಯದಕ್ಕೆ ಯಾರಾದರೂ ಬೀದಿಗಿಳಿದು ಕುಣಿಯಬೇಕಾಗುತ್ತದೆ.

ಈ ಕುಣಿತ ಗೋಪುರದ ಮೇಲೆ ಮಾತ್ರ ಇಲ್ಲ. ಮನುಷ್ಯರು ಈಗಲೂ ಕುಣಿಯುತ್ತಾರೆ, ಏಳು ವರ್ಷಕ್ಕೊಮ್ಮೆ. 2012, 2019, 2026, ಹೀಗೆ ಹೋಗುತ್ತದೆ ಲೆಕ್ಕ. ಜನವರಿ 6ರಿಂದ ಶುರುವಾಗಿ, ಈಸ್ಟರ್‌ಗೆ ಮುಂಚಿನ ಉಪವಾಸ ಬರುವವರೆಗೆ. ಕೆಂಪು ಕೋಟು, ಮೊಳಕಾಲಿನವರೆಗೆ ಕಪ್ಪು ಚಡ್ಡಿ, ಬಿಳಿ ಕಾಲುಚೀಲ, ಗರಿ ಸಿಕ್ಕಿಸಿದ ಹಸಿರು ಟೊಪ್ಪಿಗೆ. ಕೈಯಲ್ಲಿ ಹಸಿರೆಲೆ ಸುತ್ತಿದ ಅರ್ಧ ಬಳೆಯಂಥ ಕಮಾನು. ಕಮಾನುಗಳ ಕೆಳಗೆ ನುಸುಳುತ್ತಾ, ಸರಪಳಿ ಹೆಣೆಯುತ್ತಾ, ಕಿರೀಟದ ಆಕಾರ ಕಟ್ಟುತ್ತಾ ಕುಣಿಯುತ್ತಾರೆ. ನಮ್ಮ ಕೋಲಾಟದಲ್ಲಿ ಜಡೆ ಹೆಣೆಯುವುದನ್ನು ನೋಡಿದವರಿಗೆ ಅದರ ಚೆಂದ ತಕ್ಷಣ ಹಿಡಿಸುತ್ತದೆ.

ಕೊನೆಗೆ ಒಬ್ಬ ಪೀಪಾಯಿಯ ಮೇಲೆ ಹತ್ತಿ ನಿಲ್ಲುತ್ತಾನೆ. ಅವನ ಕೈಯಲ್ಲಿ ಪೀಪಾಯಿಗೆ ಬಿಗಿಯುವ ಬಳೆ. ಬಳೆಯ ಒಳಬದಿಯಲ್ಲಿ ತುಂಬಿದ ಮದ್ಯದ ಪುಟ್ಟ ಲೋಟ. ಬಳೆಯನ್ನು ಅವನು ತಲೆಯ ಮೇಲೆ, ಕಾಲಿನ ಕೆಳಗೆ, ಬೆನ್ನ ಹಿಂದೆ ಗಿರಗಿರ ಬೀಸುತ್ತಾನೆ. ಲೋಟದಿಂದ ಒಂದು ಹನಿ ಚೆಲ್ಲುವುದಿಲ್ಲ. ಬೀಸುವುದನ್ನು ನಿಲ್ಲಿಸಿ, ಲೋಟ ಎತ್ತಿ, ಎದುರಿಗಿರುವವರ ಹೆಸರು ಹೇಳಿ ಹಾರೈಸಿ ಕುಡಿದು, ಲೋಟವನ್ನು ಹಿಂದಕ್ಕೆ ಎಸೆಯುತ್ತಾನೆ. ಪೀಪಾಯಿಯ ಕಸುಬು ಹೆಚ್ಚುಕಡಿಮೆ ಹೋಗಿಬಿಟ್ಟಿದೆ. ಎಲ್ಲ ಕಡೆ ಲೋಹದ ಡ್ರಮ್ಮು. ಈಗ ಕುಣಿಯುವವರಲ್ಲಿ ನಿಜವಾಗಿ ಪೀಪಾಯಿ ಮಾಡಲು ಬರುವವರು ತೀರಾ ಕಡಿಮೆ. ಕಸುಬು ಹೋದರೂ ಅದರ ಬಳೆ ಉಳಿದಿದೆ, ಬೀಸುವ ಕೈಯೂ ಉಳಿದಿದೆ.

ಈ ಕುಣಿತಕ್ಕೆ ಒಂದು ರಾಗವಿದೆ. ಗಂಟೆಗಳು ಬೇರೆ ರಾಗಗಳನ್ನೂ ಬಾರಿಸುತ್ತವೆ, ಅವು ಆಗಾಗ ಬದಲಾಗುತ್ತವೆ. ಆದರೆ ಕೆಳಗಿನ ಅಂತಸ್ತು ತಿರುಗುವಾಗ ಬರುವುದು ಶೆಫ್ಲರ್ ರಾಗವೇ. ಊರಿನವರು ಅದಕ್ಕೆ ತಮ್ಮ ಆಡುಮಾತಿನಲ್ಲಿ ಒಂದು ಸಾಲು ಹಾಡುತ್ತಾರೆ. ಅರ್ಥ ಇಷ್ಟೇ: ಅಬ್ಬಾ, ಇವತ್ತು ಚಳಿಯೋ ಚಳಿ. ಜನವರಿಯಲ್ಲಿ ಬೀದಿಯಲ್ಲಿ ಕುಣಿಯುವವರಿಗೆ ಇದಕ್ಕಿಂತ ನಿಜವಾದ ಸಾಲು ಇನ್ನೇನಿದೆ? ಅವತ್ತು ಆ ಅಜ್ಜಿ ಗುನುಗುತ್ತಿದ್ದದ್ದೂ ಇದನ್ನೇ. ನನಗೆ ಆಗ ಗೊತ್ತಿರಲಿಲ್ಲ, ಆಮೇಲೆ ತಿಳಿಯಿತು.

ಕುಣಿತ ಮುಗಿಯುತ್ತಿದ್ದಂತೆ ಜನ ಚಪ್ಪಾಳೆ ತಟ್ಟಿ ಚದುರಲು ಶುರು ಮಾಡುತ್ತಾರೆ. ದಯವಿಟ್ಟು ಆಗ ಹೊರಡಬೇಡಿ. ಗೊಂಬೆಗಳ ಮೇಲೆ ಒಂದು ಚಿನ್ನದ ಬಣ್ಣದ ಹುಂಜವಿದೆ. ಎಲ್ಲ ಮುಗಿದ ಮೇಲೆ ಅದು ಮೂರು ಸಲ ಕೂಗುತ್ತದೆ. ದೊಡ್ಡ ದನಿಯಲ್ಲ. 43 ಗಂಟೆಗಳ ನಾದ ಕೇಳಿದ ಕಿವಿಗೆ ಅದು ಕೀರಲು ಸದ್ದು. ಅರ್ಧ ಜನಕ್ಕೆ ಕೇಳಿಸುವುದೇ ಇಲ್ಲ.

ಹೋಗುವವರಿಗೆ ಒಂದೆರಡು ಮಾತು. ಆಟ ದಿನವೂ ಬೆಳಿಗ್ಗೆ 11ಕ್ಕೆ ಮತ್ತು ಮಧ್ಯಾಹ್ನ 12ಕ್ಕೆ ಇರುತ್ತದೆ. ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಸಂಜೆ 5ಕ್ಕೂ ಇರುತ್ತದೆ. ಟಿಕೆಟ್ ಇಲ್ಲ, ಗೇಟು ಇಲ್ಲ. ಗೋಪುರದ ತೀರಾ ಕೆಳಗೆ ನಿಲ್ಲಬೇಡಿ, ಕುತ್ತಿಗೆ ನೋಯುತ್ತದೆ, ನಾದವೂ ತಲೆ ಮೇಲಿಂದ ಹಾರಿಹೋದ ಹಾಗಾಗುತ್ತದೆ. ಚೌಕದ ಆಚೆ ಬದಿಗೆ ಸರಿಯಿರಿ. ಕಾಲು ಗಟ್ಟಿ ಇದ್ದವರು ಎದುರಿಗಿರುವ ಸೇಂಟ್ ಪೀಟರ್ ಚರ್ಚಿನ ಗೋಪುರ ಹತ್ತಬಹುದು, ಸುಮಾರು 300 ಮೆಟ್ಟಿಲು. ಅಲ್ಲಿಂದ ಗಂಟೆಗಳ ನಾದ ನೇರವಾಗಿ ಎದೆಗೆ ಬರುತ್ತದೆ, ಜನರ ಗದ್ದಲ ಕೆಳಗೇ ಉಳಿಯುತ್ತದೆ.

ಇನ್ನೊಂದು ಸಮಯ ಇದೆ, ಪ್ರವಾಸಿಗರಲ್ಲಿ ಹೆಚ್ಚಿನವರು ಅದಕ್ಕೆ ನಿಲ್ಲುವುದಿಲ್ಲ. ರಾತ್ರಿ 9 ಗಂಟೆ. ಆಗ ದೊಡ್ಡ ಗೊಂಬೆಗಳು ಅಲುಗುವುದಿಲ್ಲ. ಅವುಗಳಿಗಿಂತ ಮೇಲೆ, ಗೋಪುರದಿಂದ ಹೊರಚಾಚಿದ ಎರಡು ಪುಟ್ಟ ಗೂಡುಗಳಿವೆ. ಒಂದು ಗೂಡಿನಲ್ಲಿ ರಾತ್ರಿ ಕಾವಲುಗಾರ ಬರುತ್ತಾನೆ, ಕೈಯಲ್ಲಿ ಲಾಂದ್ರ. ಇನ್ನೊಂದು ಗೂಡಿನಲ್ಲಿ ಒಬ್ಬ ದೇವದೂತ ಸನ್ಯಾಸಿ ಉಡುಪಿನ ಆ ಮಗುವನ್ನು ಹರಸುತ್ತಾನೆ. ಗಂಟೆಗಳು ಜೋಗುಳ ಬಾರಿಸುತ್ತವೆ. ಜೂನ್‌ನಲ್ಲಾದರೆ ಆಕಾಶದಲ್ಲಿ ಇನ್ನೂ ಬೆಳಕಿರುತ್ತದೆ. ಚೌಕದಲ್ಲಿ ಹೆಚ್ಚು ಜನ ಇರುವುದಿಲ್ಲ. ಸೈಕಲ್ ತಳ್ಳಿಕೊಂಡು ಹೋಗುವವರು, ಐಸ್‌ಕ್ರೀಮ್ ತಿನ್ನುವ ಇಬ್ಬರು, ಕೆಲಸ ಮುಗಿಸಿ ಮೆಟ್ರೊಗೆ ಇಳಿಯುವವರು. ಜೋಗುಳದ ಕೊನೆಯ ಸ್ವರ ಬಡಿದು ನಿಲ್ಲುತ್ತದೆ. ಮೊದಲು ತಾರ ಷಡ್ಜ ಆರುತ್ತದೆ. ಆಮೇಲೆ ಪಂಚಮ. ಆ ಸಾಧಾರಣ ಗಾಂಧಾರ ಒಂದಷ್ಟು ಹೊತ್ತು ತಡೆಯುತ್ತದೆ. ಅದೂ ಹೋದಮೇಲೆ ಉಳಿಯುವ ಮಂದ್ರ ಷಡ್ಜವನ್ನು, ಅದು ಇದೆಯೋ ಇಲ್ಲವೋ ಅನ್ನುವ ತನಕ, ನಿಂತು ಕೇಳಿ.